ಬಕ್‌ಲ್ಯಾಂಡ್ ಕಣಿವೆಯ ಚಿನ್ನ ಮತ್ತು ಬೂದಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಈಶಾನ್ಯ ಭಾಗದಲ್ಲಿ ಮೌಂಟ್ ಬಫಲೋ ಎಂಬ ಕಲ್ಲುಬೆಟ್ಟವಿದೆ. 1824ರಲ್ಲಿ ಆ ದಾರಿಯಾಗಿ ಬಂದ ಹ್ಯೂಮ್ ಮತ್ತು ಹೋವೆಲ್ ಎಂಬ ಅನ್ವೇಷಕರಿಗೆ ಅದು ದೂರದಿಂದ ಕೋಣದಂತೆ ಕಂಡದ್ದರಿಂದ ಈ ಹೆಸರು. 1898ರಲ್ಲಿ ಇಲ್ಲಿನ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವಾಗಿ ಕಾದಿರಿಸಲಾಯಿತು. ಬಿಳಿಯರು ಬರುವ ಎಷ್ಟೋ ಕಾಲ ಮೊದಲೇ ಈ ಪರ್ವತ ಸೀಮೆಯ ಮೂಲನಿವಾಸಿಗಳು ಬೇಸಗೆಯಲ್ಲಿ ಎತ್ತರದ ಬಂಡೆಗಳ ನಡುವೆ ಸೇರಿ, ಬೊಗಾಂಗ್ ಎಂಬ ಪತಂಗಗಳನ್ನು ಸುಟ್ಟು ತಿಂದು ಹಬ್ಬ ಮಾಡುತ್ತಿದ್ದರು.

1,723 ಮೀಟರ್ ಎತ್ತರದ 'ಹಾರ್ನ್' ಶಿಖರದಿಂದ ಕೆಳಗೆ ನೋಡುವ ನಮಗೆ ಕಣಿವೆಗಳೆಲ್ಲ ಶಾಂತವಾಗಿ ಕಾಣುತ್ತವೆ. ಅವುಗಳಲ್ಲೊಂದು ಬಕ್‌ಲ್ಯಾಂಡ್. 1853ರಲ್ಲಿ ಅಲ್ಲಿನ ಹೊಳೆಯಲ್ಲಿ ಚಿನ್ನ ಸಿಕ್ಕಿತು. ಐರೋಪ್ಯರು ನುಗ್ಗಿದರು, ಅವರ ಹಿಂದೆಯೇ ಚೀನೀಯರೂ ಬಂದರು. ಬಿಳಿಯರು ಬಿಟ್ಟುಹೋದ ಮರಳನ್ನು ಮತ್ತೆ ತೊಳೆದು ಹೊಟ್ಟೆ ಹೊರೆಯುವ ತಾಳ್ಮೆ ಅವರಲ್ಲಿತ್ತು. ಆ ತಾಳ್ಮೆಯೇ ಅಪರಾಧವಾಯಿತು. 1855ರಲ್ಲಿ ವಿಕ್ಟೋರಿಯಾ ಸರಕಾರ ಹಡಗಿನಿಂದಿಳಿಯುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಹೇರಿತು. ಅದನ್ನು ತಪ್ಪಿಸಲು ಸಾವಿರಾರು ಮಂದಿ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು ನೂರಾರು ಕಿಲೋಮೀಟರ್ ನಡೆದೇ ಬಂದರು.

1857ರ ಜುಲೈ 4, ಅಲ್ಲಿ ಚಳಿಗಾಲ. ಸಭೆ ಸೇರಿದ ಬಿಳಿಯ ಗಣಿಗಾರರು ಸುಮಾರು ಎರಡು ಸಾವಿರ ಚೀನೀಯರನ್ನು ಬಕ್‌ಲ್ಯಾಂಡ್ ಕಣಿವೆಯಿಂದ ಹೊಡೆದೋಡಿಸಿದರು. ಡೇರೆ, ಅಂಗಡಿಗಳೊಂದಿಗೆ ಅವರ ದೇವಾಲಯವೂ ಸುಟ್ಟು ಬೂದಿಯಾಯಿತು. ಬಂಧಿತರ ಮೇಲಿನ ಗುರುತರ ಆರೋಪಗಳನ್ನೆಲ್ಲ ಜ್ಯೂರಿ ತಳ್ಳಿಹಾಕಿತು. ಅದೇ ತಿಂಗಳು ನಮ್ಮ ದೆಹಲಿಯ ಹೊರಗೆ ಕಂಪೆನಿಯ ಸೈನ್ಯ ಬೀಡುಬಿಟ್ಟಿತ್ತು ಎಂಬುದನ್ನು ನೆನೆದರೆ ಆ ಕಾಲದ ಗಾಳಿ ಎಂಥದೆಂದು ತಿಳಿಯುತ್ತದೆ.

ಗಲಭೆ ಹತ್ತಿಕ್ಕಲು ಪೊಲೀಸರೊಂದಿಗೆ ಧಾವಿಸಿದವನು ಸಮೀಪದ ಚಿನ್ನದ ಪಟ್ಟಣ ಬೀಚ್‌ವರ್ತ್‌ನ ಅಧಿಕಾರಿ ರಾಬರ್ಟ್ ಓಹಾರಾ ಬರ್ಕ್. ಅಲ್ಲಿನ ಮ್ಯೂಸಿಯಂಗೆ ಇಂದು ಅವನದೇ ಹೆಸರು. ಆದರೆ ಅವನು ಪ್ರಸಿದ್ಧನಾದದ್ದು 1860ರಲ್ಲಿ, ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಸಾಹಸಯಾತ್ರೆಯಿಂದ. ಆ ಯಾತ್ರೆಗಾಗಿ ಕರಾಚಿಯಿಂದ 24 ಒಂಟೆಗಳನ್ನು ತರಿಸಿದಾಗ ಜೊತೆಗೆ ಒಂಟೆ ನೋಡಿಕೊಳ್ಳುವವರೂ ಬಂದರು. ಅವರಲ್ಲೊಬ್ಬ ದೋಸ್ತ್ ಮಹಮ್ಮದ್. ಬರ್ಕ್ ಮುಂದೆ ಹೋದಾಗ ಕೂಪರ್ ಕ್ರೀಕ್‌ನ ಶಿಬಿರದಲ್ಲಿ ನಾಲ್ಕು ತಿಂಗಳು ಕಾದ ನಾಲ್ವರಲ್ಲಿ ಅವನೂ ಇದ್ದ. 1861ರಲ್ಲಿ ಬರ್ಕ್ ಹಸಿವಿನಿಂದ ಸತ್ತು ವೀರನಾದ. ದೋಸ್ತ್ ಮಹಮ್ಮದ್ ಒಂಟೆಯ ಕಡಿತದಿಂದ ಒಂದು ತೋಳಿನ ಬಲ ಕಳೆದುಕೊಂಡು ಅಲ್ಲೇ ಉಳಿದ. ಅವನ ಕಬರ್ ಮೆನಿಂಡಿ ಎಂಬ ದೂರದ ಊರಿನಲ್ಲಿದೆ.

ಬೀಚ್‌ವರ್ತ್‌ನ ಸ್ಮಶಾನದ ಚೀನೀ ಭಾಗದಲ್ಲಿ ಎರಡು ಗೋಪುರಗಳಿವೆ. ಸತ್ತವರಿಗಾಗಿ ಪ್ರಾರ್ಥನೆಯ ಕಾಗದಗಳನ್ನು ಸುಡಲು ಚೀನೀಯರು 1857ರಲ್ಲೇ ಕಟ್ಟಿದವು. ಅಟ್ಟಿಸಿಕೊಂಡ ವರ್ಷವೇ ಆ ಜನ ಈ ನೆಲದಲ್ಲಿ ತಮ್ಮ ಹಿರಿಯರಿಗೆ ಜಾಗ ಮಾಡಿದರು. 1901ರ ವಲಸೆ ಕಾನೂನು ಬಿಳಿಯರಲ್ಲದವರಿಗೆ ಬಾಗಿಲು ಹಾಕಿತು. ಆ ನೀತಿ ಪೂರ್ತಿಯಾಗಿ ಅಳಿದದ್ದು 1973ರಲ್ಲಿ.

ಬೆಟ್ಟದ ಚೆಲುವನ್ನು ಕಾಯಲು ಕಾನೂನು ಬೇಗ ಬಂತು. ಬೆಟ್ಟದ ಬುಡದಲ್ಲಿ ದುಡಿದವರಿಗೆ ನ್ಯಾಯ ತಡವಾಯಿತು. ಆ ಊರುಗಳಿಗೆ ಹೋಗುವವರು ಚಿನ್ನದ ಕತೆ ಕೇಳುವುದರ ಜೊತೆಗೆ ಸ್ಮಶಾನದ ಆ ಮೂಲೆಗೂ ಒಮ್ಮೆ ಹೋಗಿಬರಬೇಕು.