ಪುಣೆಯ ಒಳಜಗಳ, ಮಲಪ್ರಭೆಯ ಸೀಮೆ

ಒಂದು ರಾಜ್ಯದ ಒಳಜಗಳಕ್ಕೆ ಹೊರಗಿನ ಸೈನ್ಯ ಕೈಹಾಕಿದಾಗ ನೆರೆಯವರಿಗೆ ಏನಾಗುತ್ತದೆ? ಲಿಬಿಯಾ, ಸಿರಿಯಾ, ಯೆಮನ್‌ಗಳನ್ನು ಮುಂದಿಟ್ಟುಕೊಂಡು ನಡೆಯುವ ಈ ಚರ್ಚೆಯಲ್ಲಿ ಬೆಳಗಾವಿ ಜಿಲ್ಲೆಯ ಹೆಸರು ಬರುವುದಿಲ್ಲ. ಬರಬೇಕಿತ್ತು. 1800ರಿಂದ 1858ರವರೆಗೆ ಸವದತ್ತಿ, ಕಿತ್ತೂರು, ಬೈಲಹೊಂಗಲ, ರಾಮದುರ್ಗಗಳ ಸೀಮೆ ಅನುಭವಿಸಿದ್ದರಲ್ಲಿ ಬಹುಪಾಲು ಪುಣೆಯಲ್ಲಿ ಹೊತ್ತಿದ ಜಗಳದ, ಅದಕ್ಕೆ ಕೈಹಾಕಿದ ಈಸ್ಟ್ ಇಂಡಿಯಾ ಕಂಪನಿಯ ಫಲ. ಹಸ್ತಕ್ಷೇಪದ ಬಗ್ಗೆ ಇನ್ನೂರು ವರ್ಷಗಳಿಂದ ನಡೆದುಬಂದ ಬರವಣಿಗೆಯನ್ನು ಈ ಸೀಮೆಯಲ್ಲಿ ನಿಂತು ನೋಡಿದರೆ ಅದರ ಒಂದು ಕೊರತೆ ಎದ್ದು ಕಾಣುತ್ತದೆ. ವಿದ್ವಾಂಸರ ಕಣ್ಣು ಗಡಿ ದಾಟಿ ಬರುವ ದಂಡು, ನಿರಾಶ್ರಿತರು, ಬಂದೂಕುಗಳ ಮೇಲೆಯೇ ನೆಟ್ಟಿದೆ. ಇಲ್ಲಿನ ನೆರೆಯವರನ್ನು ಕೊನೆಗೆ ಮುಗಿಸಿದ್ದು ಅದಲ್ಲ. ಹೊರಗಿನವನು ಜಗಳದ ಒಂದು ಪಕ್ಷಕ್ಕೆ ಕೊಟ್ಟ ಜಾಮೀನು.

ದಂಡು ದಾಟಿ ಬಂದದ್ದೂ ಸುಳ್ಳಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘ್, ಚದುರಿದ ಮೈಸೂರು ಸಿಪಾಯಿಗಳನ್ನು ಕೂಡಿಸಿಕೊಂಡು ಉತ್ತರಕ್ಕೆ, ಮರಾಠರ ಸೀಮೆಗೆ ನುಗ್ಗಿದ. ಅವನನ್ನು ತಡೆಯಹೋದ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ 1800ರ ಜೂನ್‌ನಲ್ಲಿ ಹತನಾದ. ಬೆನ್ನತ್ತಿ ಬಂದ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಜುಲೈ 30ರಂದು ಮುನವಳ್ಳಿಯ ಎದುರು ಮಲಪ್ರಭೆಯ ದಂಡೆಯಲ್ಲಿ ಧೋಂಡಿಯನ ಬೀಡಿನ ಮೇಲೆ ಬಿದ್ದ. ಮರುದಿನ ಕಂಪನಿಯ ಅಧಿಕಾರಿ ಥಾಮಸ್ ಮನ್ರೋಗೆ ಬರೆದ ಕಾಗದದಲ್ಲಿ ಆತ ಫಿರಂಗಿ, ಸಾಮಾನು ಹಿಡಿದದ್ದನ್ನು ಹೇಳಿ, ಸುಮಾರು ಐದು ಸಾವಿರ ಜನ ಹೊಳೆಗೆ ಬಿದ್ದು ಮುಳುಗಿದರೆಂದು ಲೆಕ್ಕ ಒಪ್ಪಿಸುತ್ತಾನೆ. ಆ ಐದು ಸಾವಿರದಲ್ಲಿ ಸಿಪಾಯಿಗಳೆಷ್ಟು, ಬೀಡಿನ ಹಿಂದೆ ನಡೆದ ಹೆಂಗಸರು ಮಕ್ಕಳೆಷ್ಟು ಎಂಬ ವಿವರ ಅವನಿಗೆ ಬೇಕಿರಲಿಲ್ಲ. ಮೈಸೂರಿನದು ಒಳಯುದ್ಧವಲ್ಲ, ನಿಜ. ಆದರೆ 2011ರಲ್ಲಿ ಗಡಾಫಿ ಬಿದ್ದ ಮೇಲೆ ಲಿಬಿಯಾದಿಂದ ಆಯುಧಸಹಿತ ಮರಳಿದ ತುವಾರೆಗ್ ಹೋರಾಟಗಾರರು 2012ರ ಜನವರಿಯಲ್ಲಿ ಮಾಲಿಯಲ್ಲಿ ದಂಗೆ ಎಬ್ಬಿಸಿದ ಬಗೆಯನ್ನು ಅರಿಯಲು ಮುನವಳ್ಳಿಗಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಇಷ್ಟಾದರೂ ಸೆಪ್ಟೆಂಬರ್ 10ರಂದು ಧೋಂಡಿಯ ಸತ್ತ, ದಂಡು ಕರಗಿತು. ಈ ಬಗೆಯ ಪೆಟ್ಟು ಭೀಕರ, ಆದರೆ ಅದಕ್ಕೆ ಕೊನೆಯುಂಟು.

ಕೊನೆಯಿಲ್ಲದ್ದು ಶುರುವಾದದ್ದು ಎರಡು ವರ್ಷದ ಮೇಲೆ. 1802ರ ಅಕ್ಟೋಬರ್ 25ರಂದು ಯಶವಂತರಾವ ಹೋಳ್ಕರ್ ಪುಣೆಯ ಬಳಿ ಪೇಶ್ವೆ ಮತ್ತು ಸಿಂಧಿಯರ ಪಡೆಗಳನ್ನು ಮುರಿದ. ಓಡಿಹೋದ ಪೇಶ್ವೆ ಎರಡನೆಯ ಬಾಜಿರಾಯ ಡಿಸೆಂಬರ್ 31ರಂದು ವಸಯಿಯಲ್ಲಿ ಕಂಪನಿಯೊಡನೆ ಕರಾರು ಮಾಡಿಕೊಂಡ: ಆರು ಸಾವಿರಕ್ಕೆ ಕಡಿಮೆಯಿಲ್ಲದ ಕಾಲಾಳು ಪಡೆ ಅವನ ರಕ್ಷಣೆಗೆ, ಅದರ ಖರ್ಚಿಗೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಪ್ರದೇಶ ಕಂಪನಿಗೆ. ಸವಣೂರು, ಬಂಕಾಪುರ ಸೀಮೆಗಳೂ ಆ ಪಟ್ಟಿಯಲ್ಲಿದ್ದವು. ಮರುವರ್ಷ ಬುಂದೇಲಖಂಡದ ಬದಲಿಗೆ ಕಾಗದದ ಮೇಲೆಯೇ ಮರಳಿ ಬಂದವು. ಅಲ್ಲಿನ ಗೌಡ, ಕುಲಕರ್ಣಿಗಳನ್ನು ಯಾರೂ ಕೇಳಲಿಲ್ಲ. 1803ರ ಮೇ ಹೊತ್ತಿಗೆ ಬಾಜಿರಾಯ ಮತ್ತೆ ಗಾದಿಯ ಮೇಲೆ. ಮೊದಲು ಅವನು ದಕ್ಷಿಣದ ಪಟವರ್ಧನರನ್ನು, ದೇಸಾಯರನ್ನು ಓಲೈಸಲೇಬೇಕಿತ್ತು, ನಾಳೆ ಅವರ ಕುದುರೆ ಬೇಕಾದೀತೆಂಬ ಭಯದಿಂದ. ಕಂಪನಿಯ ಪಡೆ ಬಾಗಿಲಲ್ಲಿ ನಿಂತ ಮೇಲೆ ಆ ಭಯ ಹೋಯಿತು. 1809ರಲ್ಲಿ ಕಿತ್ತೂರಿನ ಮಲ್ಲಸರ್ಜ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಒಪ್ಪಿಕೊಳ್ಳಬೇಕಾಯಿತು. 1812ರಲ್ಲಿ ಪುಣೆಯಲ್ಲಿದ್ದ ಕಂಪನಿಯ ರೆಸಿಡೆಂಟ್ ಎಲ್ಫಿನ್‌ಸ್ಟನ್ ಪಂಢರಪುರದ ಕರಾರಿನಲ್ಲಿ ಪಟವರ್ಧನರಂಥ ದೊಡ್ಡ ಜಹಗೀರದಾರರಿಗೂ ಪೇಶ್ವೆಗೂ ನಡುವೆ ಕಂಪನಿಯನ್ನೇ ಮಧ್ಯಸ್ಥನಾಗಿ ನಿಲ್ಲಿಸಿದ. ಆ ನೆರಳು ಮಲ್ಲಸರ್ಜನಿಗೆ ಸಿಗಲಿಲ್ಲ. ಪೇಶ್ವೆ ಅವನನ್ನು ಪುಣೆಯಲ್ಲಿ ಸೆರೆಯಿಟ್ಟ. ಬಿಡುಗಡೆಯಾಗಿ ಮರಳುವ ದಾರಿಯಲ್ಲಿ 1816ರಲ್ಲಿ ಆತ ತೀರಿಕೊಂಡ. ಇವು ಬಿಡಿ ಘಟನೆಗಳೆಂದು ನನಗೆ ಅನ್ನಿಸುವುದಿಲ್ಲ. ಒಬ್ಬನ ಬೆನ್ನಿಗೆ ಹೊರಗಿನ ಪಡೆ ನಿಂತರೆ ಅವನು ನೆರೆಯವರೊಡನೆ ಹೊಂದಿಕೊಂಡು ಬಾಳುವ ಅಗತ್ಯವೇ ತಪ್ಪುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಕಂಪನಿಯವನೇ ಆದ ಮನ್ರೋ ಎಂಬುದು ಸೋಜಿಗ. 1817ರ ಆಗಸ್ಟ್ 12ರಂದು ಗವರ್ನರ್ ಜನರಲ್ ಹೇಸ್ಟಿಂಗ್ಸ್‌ಗೆ ಬರೆದ ಕಾಗದದಲ್ಲಿ ಅವನು ಸಹಾಯಕ ಸೈನ್ಯದ ಪದ್ಧತಿಯ ಬೇರನ್ನೇ ಹಿಡಿದು ಅಲುಗಿಸುತ್ತಾನೆ. ದೊರೆ ಕೆಟ್ಟವನಾದರೆ ದಂಗೆಯೋ ನೆರೆಯವರ ದಾಳಿಯೋ ಅವನನ್ನು ತಿದ್ದುತ್ತದೆ, ಇಲ್ಲವೇ ಕಿತ್ತೊಗೆಯುತ್ತದೆ. ಪರಕೀಯ ಪಡೆ ಆ ಮದ್ದನ್ನು ಕಿತ್ತುಕೊಳ್ಳುತ್ತದೆ, ಆಮೇಲೆ ಹಳ್ಳಿಗಳು ಹಾಳು ಬೀಳುತ್ತವೆ ಎಂಬುದು ಅವನ ವಾದ. ಇದನ್ನು ಬರೆದ ಕೆಲವೇ ತಿಂಗಳಲ್ಲಿ ಅವನೇ ಬಾದಾಮಿ, ಬಾಗಲಕೋಟೆ ದಾಟಿ ಬಂದು, 1818ರ ಏಪ್ರಿಲ್ 10ರಂದು ಬೆಳಗಾವಿ ಕೋಟೆಯನ್ನು ಗೆದ್ದ. ಆ ಮುತ್ತಿಗೆಯಲ್ಲಿ ಮಲ್ಲಸರ್ಜನ ಮಗ, ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಕಂಪನಿಗೆ ನೆರವಾದ. ಖಾನಾಪುರ ಬಿಟ್ಟುಕೊಟ್ಟು, ಕಪ್ಪದ ಕರಾರಿನ ಮೇಲೆ ಸನದು ಪಡೆದ. ಪೇಶ್ವೆಯಿಂದ ಬಿಡುಗಡೆಯಾಯಿತೆಂದು ಕಿತ್ತೂರು ತಿಳಿಯಿತು. ಪೇಶ್ವೆಯ ಹಕ್ಕುಗಳಿಗೆ ತಾನು ವಾರಸುದಾರನಾದೆನೆಂದು ಕಂಪನಿ ತಿಳಿಯಿತು.

ಆ ಎರಡು ತಿಳಿವಳಿಕೆಗಳ ಘರ್ಷಣೆಯೇ 1824. ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮನೆಯ ಹುಡುಗನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಬೊಕ್ಕಸಕ್ಕೆ ಮೊಹರು ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಗುಂಡಿಗೆ ಬಲಿಯಾದ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಆ ಕಾಳಗದಲ್ಲಿ ಮನ್ರೋನ ಅಣ್ಣತಮ್ಮಂದಿರ ಮಗನೊಬ್ಬನೂ ಸತ್ತ. ಕಾಳಗ ನಡೆಸಿದ್ದ ಮಲ್ಲಸರ್ಜನ ವಿಧವೆ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದೇ ದತ್ತುಮಗನ ಹೆಸರಿನಲ್ಲಿ ಎದ್ದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಷ್ಟೆಲ್ಲ ಕಣ್ಣಮುಂದಿದ್ದರೂ ಮುಂದಿನ ಬರವಣಿಗೆ ಮನ್ರೋನ ಎಳೆಯನ್ನು ಹಿಡಿಯಲಿಲ್ಲ. ಲಂಡನ್ನಿನ ಕಂಪನಿ ಕಚೇರಿಯಲ್ಲಿ 1823ರಿಂದ 1858ರವರೆಗೆ ದುಡಿದ ಜಾನ್ ಸ್ಟುವರ್ಟ್ ಮಿಲ್, 1859ರಲ್ಲಿ ಹಸ್ತಕ್ಷೇಪದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ರೋಗವನ್ನು ಮನ್ರೋನಂತೆಯೇ ಗುರುತಿಸಿದ: ನಮ್ಮ ಪಡೆಯ ಆಸರೆಯಲ್ಲಿ ದೊರೆ ಪ್ರಜಾಪೀಡಕನಾಗುತ್ತಾನೆ. ಆದರೆ ಮದ್ದು ತಿರುಗುಮುರುಗು. ಆದ್ದರಿಂದ ಔಧನ್ನು ನುಂಗಿದ್ದು ಸರಿ, ಇನ್ನೂ ಬೇಗ ನುಂಗಬೇಕಿತ್ತು ಎಂಬ ಧಾಟಿ. ಇಡೀ ವಾದದಲ್ಲಿ ಅವನ ಕಣ್ಣು ಆ ದೊರೆಯ ಪ್ರಜೆಗಳ ಮೇಲಿದೆ, ಪಕ್ಕದ ಸಂಸ್ಥಾನಗಳ ಮೇಲಲ್ಲ. ಸ್ಟೋಕ್ಸ್‌ನ 1870ರ ಬೆಳಗಾವಿ ಚರಿತ್ರೆ, 1884ರ ಗೆಜೆಟಿಯರ್‌ಗಳು ಮಾಹಿತಿಯ ಗಣಿ; ಅಲ್ಲಿ ಕಿತ್ತೂರು ಒಂದು ಜಿಲ್ಲೆಯ ಬಂಡಾಯ ಮಾತ್ರ. 1885ರಲ್ಲಿ ಫ್ಲೀಟ್ ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ಹಾಡು ಇತ್ತು, ಜನ ಮರೆತಿರಲಿಲ್ಲ. ಇಪ್ಪತ್ತನೆಯ ಶತಮಾನದ ಕನ್ನಡ ಬರವಣಿಗೆ, ನಾಟಕ, 1961ರ ಪಂತುಲು ಅವರ ಸಿನಿಮಾ ಚೆನ್ನಮ್ಮನಿಗೆ ನ್ಯಾಯ ಒದಗಿಸಿದವು, ಎಂ. ಎಂ. ಕಲಬುರ್ಗಿಯವರು ಕಿತ್ತೂರು ಸಂಸ್ಥಾನದ ಸಾಹಿತ್ಯವನ್ನು ಸಂಪಾದಿಸಿಕೊಟ್ಟರು. ಉಪಕಾರ ದೊಡ್ಡದು. ಆದರೂ ನಮ್ಮ ಜನಪ್ರಿಯ ಕಥನದಲ್ಲಿ ಎಲ್ಲವೂ ದತ್ತಕದಿಂದ ಶುರುವಾಗುತ್ತದೆ, ವಸಯಿಯಿಂದಲ್ಲ. ಚೆನ್ನಮ್ಮನ ಎದುರಾಳಿ ಥ್ಯಾಕರೆ ಆಗಿಬಿಟ್ಟ. ಅವನ ಕೈಗೆ ಆ ಹಕ್ಕು ಬಂದ ದಾರಿ ಕಾಣದಾಯಿತು.

ನೆರೆಯವರು ಮತ್ತೆ ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಶೀತಲ ಸಮರ ಮುಗಿದ ಮೇಲೆ. ಹೊರಗಿನವರ ಹಸ್ತಕ್ಷೇಪ ಒಳಯುದ್ಧವನ್ನು ಮೊಟಕುಗೊಳಿಸುವುದಕ್ಕಿಂತ ಎಳೆಯುವುದೇ ಹೆಚ್ಚೆಂದು ಪ್ಯಾಟ್ರಿಕ್ ರೀಗನ್ ಅಂಕಿಅಂಶಗಳಿಂದ ವಾದಿಸಿದರು. ಪಕ್ಕದ ಮನೆಯ ಒಳಯುದ್ಧ ಆರ್ಥಿಕ ಬೆಳವಣಿಗೆಯನ್ನು ಕುಗ್ಗಿಸುತ್ತದೆಂದು ಮರ್ಡಾಕ್ ಮತ್ತು ಸ್ಯಾಂಡ್ಲರ್ ತೋರಿಸಿದರು. ನಿರಾಶ್ರಿತರ ಜೊತೆಗೇ ಹೋರಾಟಗಾರರೂ ಆಯುಧಗಳೂ ಗಡಿ ದಾಟಿ ಯುದ್ಧ ಹರಡಬಹುದೆಂಬುದು ಸಲೇಹ್ಯಾನ್ ಮತ್ತು ಗ್ಲೆಡಿಚ್ 2006ರಲ್ಲಿ ಮಂಡಿಸಿದ ವಿಚಾರ. ಬೆಲೆಯುಳ್ಳ ಕೆಲಸ, ಆದರೆ ಎಣಿಸಲು ಬರುವುದನ್ನು ಎಣಿಸಿದ ಕೆಲಸ. ಈ ಅಳತೆಗೋಲು ಹಿಡಿದರೆ 1800ರ ಮುನವಳ್ಳಿ ದಾಖಲಾಗುತ್ತದೆ, 1809ರ ಕಪ್ಪ ದಾಖಲಾಗುವುದಿಲ್ಲ; ಯಾವ ಗಡಿಯನ್ನೂ ಯಾವ ಗುಂಪೂ ದಾಟಿರಲಿಲ್ಲವಲ್ಲ.

ಆಕ್ಷೇಪಗಳುಂಟು. ಕಿತ್ತೂರು ನೆರೆರಾಜ್ಯವೇ ಅಲ್ಲ, ಪೇಶ್ವೆಯ ಅಡಿಯಾಳು ಎನ್ನಬಹುದು. ಅಂದಿನ ಒಡೆತನ ಮೆಟ್ಟಿಲುಮೆಟ್ಟಿಲಾಗಿತ್ತು. ಕಪ್ಪ ಕೊಡುವವನು ತನ್ನ ಸೀಮೆಯಲ್ಲಿ ತಾನೇ ದೊರೆ. ಆ ಮೆಟ್ಟಿಲುಗಳನ್ನು ಒಂದೇ ನೆಲಕ್ಕೆ ತಂದದ್ದೇ ಹಸ್ತಕ್ಷೇಪದ ಪರಿಣಾಮ, ಆದ್ದರಿಂದ ಅದನ್ನು ಮೊದಲೇ ಇತ್ತೆಂದು ಹಿಡಿದು ವಾದಿಸಲಾಗದು. ಎರಡನೆಯದು ಗಟ್ಟಿ: ಕಂಪನಿ ಬರುವ ಮೊದಲು ಇಲ್ಲಿ ರಾಮರಾಜ್ಯವಿತ್ತೇ? ಇರಲಿಲ್ಲ. 1785ರಲ್ಲಿ ಟಿಪ್ಪು ನರಗುಂದವನ್ನು ಮುತ್ತಿ ಹಿಡಿದ. ಮಲ್ಲಸರ್ಜನೂ ಅವನ ಸೆರೆ ಕಂಡವನೇ. ಆದರೆ ಆ ಸೆರೆಯಿಂದ ತಪ್ಪಿಸಿಕೊಂಡು ಬಂದು ಮಲ್ಲಸರ್ಜ ಮತ್ತೆ ಆಳಿದ, ನರಗುಂದವೂ ಭಾವೆ ಮನೆತನಕ್ಕೆ ಮರಳಿತು. ಸೋತವನು ಮತ್ತೊಬ್ಬ ಬಲಿಷ್ಠನನ್ನು ಹಿಡಿದು ಎದ್ದು ನಿಲ್ಲುವ ದಾರಿ 1818ರವರೆಗೆ ಕಿರಿದಾಗುತ್ತಲೇ ಬಂದು, ಆಮೇಲೆ ಮುಚ್ಚಿತು.

ಜಾಮೀನಿನಿಂದ ಉಳಿದವರೂ ಇದ್ದಾರೆ ಎಂಬುದು ಮೂರನೆಯ ಆಕ್ಷೇಪ, ರಾಮದುರ್ಗ ಅದರ ಸಾಕ್ಷಿ. ಭಾವೆ ಮನೆತನದ ಎರಡು ಕವಲು: ನರಗುಂದ, ರಾಮದುರ್ಗ. ದತ್ತಕಕ್ಕೆ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ನರಗುಂದದ ಬಾಬಾಸಾಹೇಬ 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು, ಸಂಸ್ಥಾನ ಅಳಿಯಿತು. ಅವನ ಮಲತಮ್ಮನಾದ ರಾಮದುರ್ಗದ ದೊರೆ ಮ್ಯಾನ್ಸನ್‌ಗೆ ಅತ್ತ ಹೋಗಬೇಡವೆಂದು ಮೊದಲೇ ಎಚ್ಚರಿಸಿದ್ದ, ದಂಗೆಗೆ ಕರೆದ ಅಣ್ಣನ ಕಾಗದವನ್ನೂ ತೋರಿಸಿದ್ದ. ರಾಮದುರ್ಗ 1948ರವರೆಗೆ ಬಾಳಿತು. ಉಳಿವಿನ ಬೆಲೆ ಏನೆಂಬುದು ಆ ಕಾಗದದಲ್ಲಿಯೇ ಇದೆ: ಇಬ್ಬರು ಅಣ್ಣತಮ್ಮಂದಿರ ನಡುವಿನ ಮಾತು ಕೂಡ ಏಜೆಂಟನ ಮೇಜಿನ ಮೇಲೆ ಹೋಗಬೇಕಾಗಿತ್ತು. ಈ ಬಗೆಯ ನಷ್ಟಕ್ಕೆ ಇಂದಿನ ಅಂಕಿಅಂಶಗಳಲ್ಲಿ ಕಲಮು ಇಲ್ಲ. ಪುಣೆಯ ಪೇಶ್ವೆ ದಫ್ತರದ ಮೋಡಿ ಕಾಗದಗಳನ್ನು ಕಿತ್ತೂರು, ರಾಮದುರ್ಗಗಳ ಕಾಗದಗಳ ಜೊತೆಗಿಟ್ಟು, 1802ರಿಂದ ವರ್ಷವರ್ಷದ ಕಪ್ಪ, ನಜರು, ದತ್ತಕದ ಅರ್ಜಿಗಳನ್ನು ಸಾಲಾಗಿ ಓದಿದರೆ ಅಂಥದೊಂದು ಕಲಮನ್ನು ತೆರೆಯಬಹುದು.