ರಶೀದಿ ಪುಸ್ತಕ ಹಿಡಿದವನು ಭಿಕ್ಷುಕನೇ?

ರಮಝಾನ್ ಬಂತೆಂದರೆ ನಮ್ಮ ಮನೆ, ಅಂಗಡಿಗಳ ಬಾಗಿಲಿಗೆ ಮಸೀದಿ, ಮದ್ರಸ, ಯತೀಂಖಾನಗಳ ರಶೀದಿ ಪುಸ್ತಕ ಹಿಡಿದವರು ಬರುತ್ತಾರೆ. ಇವರನ್ನು ಕಾನೂನು ಯಾವ ಸಾಲಿನಲ್ಲಿ ನಿಲ್ಲಿಸಿದೆ ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಭಿಕ್ಷಾಟನೆಯ ಕಾಯ್ದೆ.

ಮೈಸೂರು ಸಂಸ್ಥಾನ 1944ರಲ್ಲಿ ಭಿಕ್ಷಾಟನೆ ನಿಷೇಧಿಸಿತು. ಮರುವರ್ಷ ಮದ್ರಾಸ್ ಪ್ರಾಂತ್ಯವೂ ಅಂಥದೇ ಕಾಯ್ದೆ ತಂದಿತು. ಆಗ ಮಂಗಳೂರು, ಅತ್ತ ದಿಂಡಿಗಲ್, ಕಂಬಂ ಕಣಿವೆಗಳ ಹಾಗೆ, ಮದ್ರಾಸಿನ ಆಡಳಿತದಲ್ಲೇ ಇತ್ತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಈಗ ನಮಗೆ ಅನ್ವಯಿಸುವುದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ.

ಭಿಕ್ಷುಕ ಯಾರಲ್ಲ ಎಂಬುದನ್ನೂ ಈ ಕಾಯ್ದೆ ಹೇಳುತ್ತದೆ: ಪರವಾನಗಿ ಪಡೆದ ಧಾರ್ಮಿಕ ಭಿಕ್ಷು, ಹರಕೆ ತೀರಿಸಲು ಬೇಡುವವನು, ಓದಿಗಾಗಿ ಬೇಡುವ ವಿದ್ಯಾರ್ಥಿ. ಪಳ್ಳಿ ದರ್ಸ್‌ನ ಮುತಅಲ್ಲಿಮರಿಗೆ ಊರಿನ ಮನೆಗಳೇ ಊಟ ಹಾಕುತ್ತಿದ್ದುದನ್ನು ಬಲ್ಲ ನಮಗೆ ವಿದ್ಯಾರ್ಥಿಯ ಮಾತು ಹೊಸದಲ್ಲ. ನಾಲ್ಕನೆಯವನು, ಕೇಂದ್ರ ಪರಿಹಾರ ಸಮಿತಿಯ ಲಿಖಿತ ಅನುಮತಿಯೊಂದಿಗೆ ಸಾರ್ವಜನಿಕ ಸಂಸ್ಥೆಗೆ ವಂತಿಗೆ ಎತ್ತುವವನು. ಭಿಕ್ಷೆ ಬೇಡುವವರನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರ ಪೊಲೀಸರಿಗಿದೆ. ಹಾಗಾಗಿ ಆ ಅನುಮತಿ ಪತ್ರ ಬರೀ ಕಾಗದವಲ್ಲ.

ಇದರ ಖರ್ಚಿಗೆ ನಗರಸಭೆ, ಪಾಲಿಕೆಗಳು ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಸೆಸ್ ವಸೂಲು ಮಾಡುತ್ತವೆ. ನಮ್ಮ ಅಂಗಡಿಯ ತೆರಿಗೆ ಚಲನ್‌ನಲ್ಲೂ ಆ ಸಾಲು ಇರುತ್ತದೆ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಮನೆಮನೆ ವಂತಿಗೆಗೆಂದೇ 1939ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಮೊದಲು ಪೊಲೀಸರು ಕೊಡುತ್ತಿದ್ದ ಪರವಾನಗಿಯನ್ನು ಲಂಡನ್ನಿನ ಹೊರಗೆ ಈಗ ಸ್ಥಳೀಯ ಕೌನ್ಸಿಲ್‌ಗಳು ಕೊಡುತ್ತವೆ. ವಂತಿಗೆ ಎತ್ತುವವನ ಹತ್ತಿರ ಬ್ಯಾಡ್ಜ್ ಇರಬೇಕು, ಡಬ್ಬಿಗೆ ಸೀಲ್ ಇರಬೇಕು ಇಲ್ಲವೇ ರಶೀದಿಗೆ ಕ್ರಮಸಂಖ್ಯೆ ಇರಬೇಕು, ಕೊನೆಗೆ ಲೆಕ್ಕ ಒಪ್ಪಿಸಬೇಕು.

ನಮ್ಮ ಹತ್ತಿರ ಇದಕ್ಕಿಂತ ಹಳೆಯ ನಿಯಮವೊಂದಿದೆ. ಖುರ್‌ಆನಿನ ಸೂರಃ ತೌಬಾದ 60ನೇ ಆಯತ್ ಝಕಾತಿಗೆ ಹಕ್ಕುಳ್ಳ ಎಂಟು ವರ್ಗಗಳನ್ನು ಹೇಳುವಾಗ, ಅದನ್ನು ಸಂಗ್ರಹಿಸುವ ಕೆಲಸಗಾರರನ್ನೂ ಸೇರಿಸುತ್ತದೆ. ಅಂದರೆ ಅದು ಬೇಡುವುದಲ್ಲ, ಸಮುದಾಯ ವಹಿಸಿದ ಕೆಲಸ. ಕೆಲಸವೆಂದ ಮೇಲೆ ಲೆಕ್ಕವೂ ಬೇಕು.

ಆದ್ದರಿಂದ ಜಮಾಅತ್‌ಗಳು ಯಾರನ್ನೇ ಕಳುಹಿಸುವ ಮೊದಲು ಅನುಮತಿ ಪತ್ರ ಮಾಡಿಸಲಿ, ಕ್ರಮಸಂಖ್ಯೆಯ ರಶೀದಿ ಕೊಡಲಿ, ಬಂದ ಹಣ ಎಷ್ಟು, ಹೋದದ್ದು ಎಲ್ಲಿಗೆ ಎಂದು ಜುಮಾ ನಮಾಝಿನ ನಂತರ ಓದಿ ಹೇಳಲಿ. ಕೊಡುವ ನಾವೂ ರಶೀದಿ ಕೇಳಲು ನಾಚಬಾರದು. ಕೇಳಿದರೆ ಪ್ರಾಮಾಣಿಕನಿಗೆ ಅವಮಾನವಿಲ್ಲ, ಅವನ ಹೆಸರಿನಲ್ಲಿ ಬರುವ ಮೋಸಗಾರನಿಗೆ ಮಾತ್ರ ತೊಂದರೆ.