ನಾರ್ವೆಯ ಹೆಸರುಗಳು: ವಂಶವೋ, ವಿಳಾಸವೋ?

ಜಗತ್ತಿನ ಅನೇಕ ದೊಡ್ಡ ನಗರಗಳಲ್ಲಿ 'ಹಿಲ್ಟನ್' ಎಂಬ ಹೋಟೆಲಿನ ಫಲಕ ಕಾಣುತ್ತದೆ. ಅದು ಯಾವುದೋ ಇಂಗ್ಲಿಷ್ ಮನೆತನದ ಹೆಸರಿರಬೇಕೆಂದು ನಾವು ಭಾವಿಸುತ್ತೇವೆ. ಆದರೆ ಆ ಹೋಟೆಲುಗಳನ್ನು ಆರಂಭಿಸಿದ ಕಾನ್ರಾಡ್ ಹಿಲ್ಟನ್ ಅವರ ತಂದೆ ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದವರು. ಅವರ ಹೆಸರು ಆಗಸ್ಟಸ್ ಹಾಲ್ವರ್ಸೆನ್ ಹಿಲ್ಟನ್. ಇದರಲ್ಲಿ ಆಗಸ್ಟಸ್ ಎಂಬುದು ಅವರ ಸ್ವಂತ ಹೆಸರು. ಹಾಲ್ವರ್ಸೆನ್ ಎಂದರೆ ಹಾಲ್ವರ್‌ನ ಮಗ. ಹಿಲ್ಟನ್ ಎಂಬುದು ಓಸ್ಲೋ ನಗರದ ಉತ್ತರಕ್ಕಿರುವ ಉಲ್ಲೆನ್‌ಸಾಕರ್ ಪ್ರದೇಶದ ಒಂದು ಜಮೀನಿನ ಹೆಸರು. ಇಂದು ಜಗತ್ತೆಲ್ಲ ವಂಶದ ಹೆಸರೆಂದು ತಿಳಿದಿರುವುದು ಮೂಲದಲ್ಲಿ ಒಂದು ವಿಳಾಸವಾಗಿತ್ತು.

ನಾರ್ವೆಯ ಹಳ್ಳಿಗಾಡಿನಲ್ಲಿ ಶತಮಾನಗಳ ಕಾಲ ಹೆಸರಿಗೆ ಈ ಮೂರು ಭಾಗಗಳಿದ್ದವು. ಎರಡನೆಯ ಭಾಗ ನಮಗೆ ಅಪರಿಚಿತವಲ್ಲ. ಹಳೆ ಮೈಸೂರು ಭಾಗದ ಪಹಣಿಗಳಲ್ಲಿ ಹಿಂದೂ ರೈತರ ಹೆಸರುಗಳ ನಡುವೆಯೂ 'ಬಿನ್' ಎಂಬ ಅರಬಿ ಪದ ಕುಳಿತಿರುತ್ತದೆಯಲ್ಲ, ಅದು ಮಾಡುವ ಕೆಲಸವನ್ನೇ ಅಲ್ಲಿ 'ಸೆನ್' ಮಾಡುತ್ತಿತ್ತು. ಓಲೆಯ ಮಗ ಓಲ್ಸೆನ್, ಓಲೆಯ ಮಗಳು ಓಲ್ಸ್‌ದಾತ್ತರ್. ಮಗಳು ಮದುವೆಯಾದ ಮೇಲೂ ಓಲ್ಸ್‌ದಾತ್ತರ್ ಆಗಿಯೇ ಉಳಿಯುತ್ತಿದ್ದಳು. ಗಂಡ ಬದಲಾಗಿ ಬಂದನೆಂದು ತಂದೆ ಬದಲಾಗುವುದಿಲ್ಲವಷ್ಟೆ!

ತೊಡಕು ಇರುವುದು ಮೂರನೆಯ ಭಾಗದಲ್ಲಿ. ಬಕ್ಕೆ ಎಂಬ ಜಮೀನಿನಲ್ಲಿ ಹುಟ್ಟಿದ ಲಾರ್ಸ್ ಎಂಬೊಬ್ಬನಿದ್ದನೆಂದು ಇಟ್ಟುಕೊಳ್ಳೋಣ. ತಂದೆ ಓಲೆ. ಹಾಗಾಗಿ ಅವನು ಲಾರ್ಸ್ ಓಲ್ಸೆನ್ ಬಕ್ಕೆ. ಅವನು ಹೌಗೆನ್ ಜಮೀನಿನ ಒಬ್ಬಳೇ ಮಗಳನ್ನು ಮದುವೆಯಾಗಿ ಮಾವನ ಮನೆಯಲ್ಲೇ ನೆಲೆಸಿದ. ಅಂದಿನಿಂದ ಅವನು ಲಾರ್ಸ್ ಓಲ್ಸೆನ್ ಹೌಗೆನ್. ಅವನ ತಮ್ಮ ಇನ್ನೆಲ್ಲೋ ಹೋಗಿ ಬೇರೆ ಹೆಸರಿನವನಾದ. ಇತ್ತ ಬಕ್ಕೆಯನ್ನು ಕೊಂಡು ಬಂದ ಪರಕೀಯನೊಬ್ಬ ಬಕ್ಕೆ ಎನಿಸಿಕೊಂಡ. ಹೀಗೆ ಒಡಹುಟ್ಟಿದವರ ಹೆಸರುಗಳು ಬೇರೆ ಬೇರೆಯಾದವು, ಸಂಬಂಧವೇ ಇಲ್ಲದವರ ಹೆಸರುಗಳು ಒಂದಾದವು. ಸಾಲದ್ದಕ್ಕೆ ಬಕ್ಕೆ ಎಂದರೆ ಇಳಿಜಾರು, ಹೌಗೆನ್ ಎಂದರೆ ದಿಬ್ಬ. ಗುಡ್ಡಗಾಡಿನ ದೇಶದಲ್ಲಿ ಇಂಥ ಹೆಸರಿನ ಜಮೀನುಗಳು ಎಷ್ಟೋ ಇವೆ.

ಇನ್ನು ಹಸ್ಮನ್ ಎಂಬ ಬಡ ಒಕ್ಕಲುಗಳ ಕಥೆ. ಇವರು ಜಮೀನುದಾರನ ನೆಲದ ಅಂಚಿನಲ್ಲಿ ಒಂದು ಗುಡಿಸಲು, ಒಂದು ತುಂಡು ಭೂಮಿ ಪಡೆದು, ಅದಕ್ಕೆ ಪ್ರತಿಯಾಗಿ ಅವನ ಹೊಲದಲ್ಲಿ ದುಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇವರ ಸಂಖ್ಯೆ ಬಹಳ ದೊಡ್ಡದಿತ್ತು. ಚರ್ಚಿನ ದಾಖಲೆಯಲ್ಲಿ ಇವರ ಹೆಸರಿನ ಮುಂದೆಯೂ ಅದೇ ಜಮೀನಿನ ಹೆಸರು ಬರುತ್ತಿತ್ತು. ಒಡೆಯನಿಗೂ ಆಳಿಗೂ ಒಂದೇ ಹೆಸರು! ಇಂದು ವಂಶಾವಳಿ ಹುಡುಕುವವರು ದೊಡ್ಡ ಜಮೀನಿನ ಹೆಸರು ಕಂಡೊಡನೆ ನಮ್ಮವರು ಭೂಮಾಲೀಕರಾಗಿದ್ದರೆಂದು ಹಿಗ್ಗುವುದುಂಟು. ಪಕ್ಕದಲ್ಲಿ ಬರೆದಿರುವ ವೃತ್ತಿಯನ್ನು ಓದಿದಾಗಲೇ ನಿಜ ತಿಳಿಯುವುದು. ತಲೆತಲಾಂತರ ದುಡಿದವನಿಗೆ ಆ ನೆಲದಿಂದ ದಕ್ಕಿದ್ದು ಹಲವು ಸಲ ಈ ಹೆಸರೊಂದೇ.

ಮಕ್ಕಳಿಗೆ ಹೆಸರಿಡುವುದಕ್ಕೂ ಒಂದು ಕ್ರಮವಿತ್ತು. ಸಾಮಾನ್ಯವಾಗಿ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹೆಣ್ಣುಮಕ್ಕಳಿಗೆ ಅಜ್ಜಿಯರ ಹೆಸರು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು. ಹೆಂಡತಿ ಸತ್ತು ಮರುಮದುವೆಯಾದವನು ಹೊಸ ಹೆಂಡತಿಯಲ್ಲಿ ಹುಟ್ಟಿದ ಮೊದಲ ಮಗಳಿಗೆ ಸತ್ತವಳ ಹೆಸರನ್ನಿಡುತ್ತಿದ್ದ. ಎರಡನೆಯವಳು ತನ್ನ ಮಗುವನ್ನು ದಿನವೂ ಮೊದಲನೆಯವಳ ಹೆಸರಿನಿಂದ ಕರೆಯುತ್ತಿದ್ದಳು. ಕತೆ ಬರೆಯುವ ನಮ್ಮಂಥವರಿಗೆ ಇದೊಂದೇ ಸಂಗತಿ ಸಾಕು. ಸಂಶೋಧಕರಿಗೆ ಮಾತ್ರ ಇದು ಸುಳಿವು. ಮಗಳ ಹೆಸರಿನಿಂದ ತಂದೆಯ ಮೊದಲ ಹೆಂಡತಿಯನ್ನು ಹುಡುಕಿ ತೆಗೆದವರುಂಟು.

ಹೆಸರು ಹೀಗೆ ಕೈಕೊಡುವಾಗ ಹಿಡಿಯಬೇಕಾದ್ದು ಊರನ್ನು. ಅದಕ್ಕೆ ನಾರ್ವೆಯಲ್ಲಿ ಸಾಧನಗಳು ಚೆನ್ನಾಗಿವೆ. ಪಾದ್ರಿಗಳು ಜನನ, ಮದುವೆ, ಮರಣಗಳನ್ನು ಬರೆದಿಟ್ಟ ಪುಸ್ತಕಗಳಿವೆ. 1801ರ ಜನಗಣತಿ ಇಡೀ ದೇಶದ ಜನರನ್ನು ಹೆಸರು ಹಿಡಿದು ಎಣಿಸಿತು. 1865ರ ಗಣತಿ ಹುಟ್ಟಿದ ಊರನ್ನೂ ದಾಖಲಿಸಿತು. ಪುರಾತತ್ವ ವಿದ್ವಾಂಸ ಓಲುಫ್ ರಿಗ್ ದೇಶದ ಜಮೀನುಗಳ ಹೆಸರುಗಳನ್ನೆಲ್ಲ ಅರ್ಥಸಹಿತ ಸಂಗ್ರಹಿಸಿದರು. ಅವರ ಗ್ರಂಥದ ಸಂಪುಟಗಳು 1897ರಿಂದ ಹೊರಬರತೊಡಗಿದವು. 1899ರಲ್ಲಿ ಅವರು ತೀರಿಕೊಂಡ ಮೇಲೆ ಇತರರು ಆ ಕೆಲಸವನ್ನು ಮುಂದುವರಿಸಿದರು. ಇವಲ್ಲದೆ ಅನೇಕ ಊರುಗಳಿಗೆ ತಮ್ಮದೇ ಊರ ಪುಸ್ತಕಗಳಿವೆ. ಯಾವ ಜಮೀನಿನಲ್ಲಿ ಯಾವಾಗ ಯಾರಿದ್ದರು ಎಂಬುದನ್ನು ಅವು ಮನೆ ಮನೆಯಾಗಿ ಹೇಳುತ್ತವೆ.

1825ರ ಜುಲೈ 4ರಂದು 'ರೆಸ್ಟೊರೇಷನ್' ಎಂಬ ಪುಟ್ಟ ಹಡಗು ಸ್ತವಾಂಗರ್ ಬಂದರಿನಿಂದ ಅಮೆರಿಕಕ್ಕೆ ಹೊರಟಿತು. ಮುಂದಿನ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ಮಂದಿ ಅದೇ ದಾರಿ ಹಿಡಿದರು. ಅಲ್ಲಿ ಒಂದು ಕಾಯಂ ಉಪನಾಮ ಬೇಕಿತ್ತು. ಒಬ್ಬ ಅಣ್ಣ ತಂದೆಯ ಹೆಸರನ್ನು ಆರಿಸಿಕೊಂಡರೆ, ತಮ್ಮ ಬಿಟ್ಟುಬಂದ ಜಮೀನಿನ ಹೆಸರನ್ನು ಆರಿಸಿಕೊಂಡ. ಇಂದು ಅವರ ಮೊಮ್ಮಕ್ಕಳ ಮಕ್ಕಳು ಪರಸ್ಪರ ಗುರುತೇ ಇಲ್ಲದೆ ಬದುಕುತ್ತಿದ್ದರೆ ಆಶ್ಚರ್ಯವಿಲ್ಲ.

ನಾರ್ವೆಯಲ್ಲೇ ಉಳಿದವರ ಹೆಸರುಗಳೂ ನಿಲ್ಲಬೇಕಾದ ಕಾಲ ಬಂತು. ಕಾದಂಬರಿಕಾರ ಕ್ನೂಟ್ ಹಾಮ್ಸುನ್ 1859ರಲ್ಲಿ ಹುಟ್ಟಿದಾಗ ಕ್ನೂದ್ ಪೆದರ್ಸೆನ್ ಆಗಿದ್ದರು. ಬಾಲ್ಯ ಕಳೆದ ಹಾಮ್ಸುಂದ್ ಜಮೀನಿನ ಹೆಸರನ್ನು ಮುಂದೆ ತಮ್ಮದಾಗಿಸಿಕೊಂಡರು, ಕೊನೆಯ ಅಕ್ಷರ ಮಾತ್ರ ಉದುರಿಹೋಯಿತು. 1923ರ ಕಾನೂನು ಪ್ರತಿ ಕುಟುಂಬಕ್ಕೂ ಒಂದು ಸ್ಥಿರ ಉಪನಾಮವಿರಬೇಕೆಂದಿತು. ಹೆಂಡತಿ ಗಂಡನ ಹೆಸರನ್ನು ಪಡೆಯಬೇಕೆಂದೂ ಹೇಳಿತು. ಹಳ್ಳಿಯ ಹೆಣ್ಣು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದ ಹಕ್ಕೊಂದು ಆಧುನಿಕ ಕಾನೂನಿನ ಕೈಯಲ್ಲಿ ಹೋಯಿತು. ಅದು ಮರಳಿ ಪೂರ್ಣವಾಗಿ ಸಿಗಲು 1979ರ ಕಾನೂನು ಬರಬೇಕಾಯಿತು. 2003ರಿಂದ ಜಾರಿಯಲ್ಲಿರುವ ಕಾನೂನು ತಂದೆಯ ಹೆಸರಿಗಷ್ಟೇ ಅಲ್ಲ, ತಾಯಿಯ ಹೆಸರಿಗೂ 'ಸೆನ್' ಅಥವಾ 'ದಾತ್ತರ್' ಸೇರಿಸಿ ಉಪನಾಮ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ.

ಖಾನ್‌ದಾನಿನ ಹೆಸರನ್ನು ಎದೆಯುಬ್ಬಿಸಿ ಹೇಳಿಕೊಳ್ಳುವುದು ನಮ್ಮಲ್ಲೂ ಇದೆ. ಆ ಹೆಸರು ನೆತ್ತರಿನಷ್ಟೇ ಹಳೆಯದೆಂದು ನಾವು ನಂಬಿರುತ್ತೇವೆ. ನಾರ್ವೆಯ ಹಳೆಯ ಚರ್ಚ್ ಪುಸ್ತಕಗಳು ನಮಗೆ ಕಲಿಸುವ ಪಾಠ ಸರಳವಾದುದು. ಹೆಸರು ಕಂಡ ಕೂಡಲೇ ವಂಶ ಕಟ್ಟಲು ಹೊರಡದೆ, ಆ ಹೆಸರಿನ ನೆಲದಲ್ಲಿ ಯಾರು ಒಡೆಯರಾಗಿದ್ದರು, ಯಾರು ಬೆವರು ಸುರಿಸಿದರು ಎಂದು ಮೊದಲು ಕೇಳಬೇಕು.